ಮಿತವ್ಯಯ ಮತ್ತು ಆವರಣದ ಗಣಕಜಾಲ: ಒಂದು ವಿಮರ್ಶೆ

೧

ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ಎಲ್ಲ ವಿಭಾಗಗಳನ್ನೂ ಗ್ರಂಥಾಲಯವನ್ನೂ ವಿದ್ಯಾರ್ಥಿನಿಲಯಗಳನ್ನೂ ಒಂದೇ ಗಣಕಜಾಲಕ್ಕೆ ಸೇರಿಸಬೇಕೆಂಬ ವಿಚಾರದಲ್ಲಿ ಈಗ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯ ಹುಟ್ಟುವುದು ಹಣದ ಮಾತು ಬಂದಾಗ. ಹಣ ಸಾಲದು ಎಂದೊಡನೆ ನಮ್ಮ ಆಡಳಿತ ಮಂಡಲಿಗಳು ಆಶ್ರಯಿಸುವ ಗಾದೆಯೊಂದುಂಟು: ಹಾಸಿಗೆ ಇದ್ದಷ್ಟು ಕಾಲು ಚಾಚು. ಗಾದೆ ಸುಳ್ಳಲ್ಲ. ಆದರೆ ಹಾಸಿಗೆ ಎಷ್ಟುದ್ದವಿದೆಯೆಂದು ಅಳೆದು ನೋಡದೆಯೇ ಕಾಲು ಮಡಿಸಿಕೊಳ್ಳುವವರಿಗೆ ಅದು ಸಮಾಧಾನ ಹೇಳುತ್ತದೆಯೇ ಹೊರತು ದಾರಿ ತೋರಿಸುವುದಿಲ್ಲ. ಕಡಿಮೆ ಹಣವುಳ್ಳ ವಿಶ್ವವಿದ್ಯಾನಿಲಯವು ಜಾಲವನ್ನು ಕಟ್ಟುವಾಗ ಯಾವುದರಲ್ಲಿ ಉಳಿತಾಯ ಮಾಡಬಹುದು, ಯಾವುದರಲ್ಲಿ ಮಾಡಕೂಡದು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ವಿಷಯದಲ್ಲಿ ಇಂದು ಪ್ರಚಾರದಲ್ಲಿರುವ ಒಂದು ಸಿದ್ಧಾಂತವನ್ನು ಎದುರಿಗಿಟ್ಟುಕೊಂಡು, ಅದರ ಗುಣದೋಷಗಳನ್ನು ನಮ್ಮ ನಾಡಿನ ಸ್ಥಿತಿಗತಿಗಳ ಬೆಳಕಿನಲ್ಲಿ ಪರಿಶೀಲಿಸುತ್ತೇವೆ.

ಮೊದಲು ಒಂದು ತಪ್ಪು ಅಳತೆಗೋಲನ್ನು ಕೈಬಿಡಬೇಕು. ಜಾಲದ ಯೋಗ್ಯತೆಯನ್ನು ಹೊರಗಿನಿಂದ ಆವರಣದೊಳಕ್ಕೆ ಬರುವ ಸಂಪರ್ಕದ ವೇಗದಿಂದಲೇ ಅಳೆಯುವುದು ರೂಢಿಯಾಗಿಬಿಟ್ಟಿದೆ. ವಾರ್ಷಿಕ ವರದಿಗಳಲ್ಲಿ ಅಚ್ಚಾಗುವುದೂ ಅದೇ ಅಂಕಿ. ಈ ರೂಢಿಗೆ ಐತಿಹಾಸಿಕ ಕಾರಣವಿಲ್ಲದಿಲ್ಲ. ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ೧೯೮೬ರಲ್ಲಿ ಎರ್ನೆಟ್ ಎಂಬ ಶಿಕ್ಷಣ-ಸಂಶೋಧನ ಜಾಲವನ್ನು ಕೈಗೊಂಡಾಗ ಅದರಲ್ಲಿ ಸೇರಿದ್ದವರು ಎಂಟು ಮಂದಿ ಪಾಲುದಾರರು ಮಾತ್ರ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬಯಿಯಲ್ಲಿದ್ದ ರಾಷ್ಟ್ರೀಯ ತಂತ್ರಾಂಶ ಕೇಂದ್ರ ಮತ್ತು ದೆಹಲಿಯ ಇಲಾಖೆ. ಆ ಮೊದಲ ವರ್ಷಗಳಲ್ಲಿ ಊರಿಂದೂರಿಗೆ ಗುತ್ತಿಗೆಗೆ ಪಡೆದ ದೂರವಾಣಿ ಮಾರ್ಗದ ವೇಗ ಸೆಕೆಂಡಿಗೆ ೯,೬೦೦ ಬಿಟ್. ಹತ್ತು ಲಕ್ಷ ಬೈಟ್ ಗಾತ್ರದ ಒಂದು ಪ್ರಬಂಧ ಆ ಮಾರ್ಗದಲ್ಲಿ ಬಂದು ಸೇರಲು ಸುಮಾರು ೧೪ ನಿಮಿಷ ಬೇಕು. ಅಂಥ ಕಾಲದಲ್ಲಿ ಹೊರಗಿನ ಮಾರ್ಗವೇ ಎಲ್ಲವೂ ಆಗಿ ಕಂಡದ್ದು ಸಹಜ.

ಈಗ ಕಾಲ ಬದಲಾಗಿದೆ. ೨೦೦೯ರಲ್ಲಿ ಆರಂಭವಾದ ರಾಷ್ಟ್ರೀಯ ಶಿಕ್ಷಣ ಮಿಷನ್ನೂ ೨೦೧೦ರಲ್ಲಿ ಮಂಜೂರಾದ ರಾಷ್ಟ್ರೀಯ ಜ್ಞಾನಜಾಲವೂ ವಿಶ್ವವಿದ್ಯಾನಿಲಯಗಳಿಗೆ ಸೆಕೆಂಡಿಗೆ ೧೦೦ ಕೋಟಿ ಬಿಟ್ ವೇಗದ ಸಂಪರ್ಕವನ್ನು ಒದಗಿಸುವ ಗುರಿಯನ್ನಿಟ್ಟುಕೊಂಡವು. ಮೊದಲಿನ ಮಾರ್ಗಕ್ಕಿಂತ ಇದು ಲಕ್ಷ ಮಡಿಗೂ ಮಿಗಿಲು. ಐದು ಸಾವಿರ ಮಂದಿ ಏಕಕಾಲದಲ್ಲಿ ಬಳಸಿದರೂ ತಲೆಗೆ ಸೆಕೆಂಡಿಗೆ ಎರಡು ಲಕ್ಷ ಬಿಟ್ ದೊರೆಯುತ್ತದೆ; ಹಿಂದೆ ಒಂದು ಊರಿಗೆ ದೊರೆಯುತ್ತಿದ್ದುದಕ್ಕಿಂತ ಇದು ಇಪ್ಪತ್ತು ಮಡಿ ಹೆಚ್ಚು. ಹೀಗಿದ್ದರೂ ಆವರಣದ ಮೂಲೆಯಲ್ಲಿರುವ ವಿಭಾಗದಲ್ಲಿ ಸಂಶೋಧಕನು ಒಂದು ಪುಟ ತೆರೆಯಲು ಕಾದು ಕುಳಿತಿರುತ್ತಾನೆ. ಕೆರೆ ಕೋಡಿ ಬಿದ್ದಿದೆ. ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರಿಲ್ಲ. ದೋಷ ಕೆರೆಯದಲ್ಲ, ಕಾಲುವೆಯದು.

ಇದು ಬರಿಯ ಅನುಕೂಲದ ಪ್ರಶ್ನೆಯೆಂದು ಯಾರೂ ತಿಳಿಯಬಾರದು. 'ಒಂದು ರಾಷ್ಟ್ರ ಒಂದು ಚಂದಾ' ಎಂಬ ಯೋಜನೆಗೆ ಕೇಂದ್ರ ಸಚಿವ ಸಂಪುಟ ೨೦೨೪ರ ನವೆಂಬರಿನಲ್ಲಿ ಒಪ್ಪಿಗೆಯಿತ್ತಿತು. ೨೦೨೫ರಿಂದ ಮೂರು ವರ್ಷಗಳಿಗೆ ಇದಕ್ಕಾಗಿ ತೆಗೆದಿರಿಸಿದ ಮೊತ್ತ ೬,೦೦೦ ಕೋಟಿ ರೂಪಾಯಿ. ಮೂವತ್ತು ಪ್ರಕಾಶಕರ ಸುಮಾರು ೧೩,೦೦೦ ನಿಯತಕಾಲಿಕೆಗಳು ೬,೩೦೦ಕ್ಕೂ ಹೆಚ್ಚು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ದೊರೆಯಬೇಕೆಂಬುದು ಅದರ ಆಶಯ. ಒಂದು ಕಾಲದಲ್ಲಿ ನಮ್ಮ ಗ್ರಂಥಾಲಯಗಳು ಚಂದಾ ಕಟ್ಟಲಾರದೆ ಒಂದೊಂದಾಗಿ ನಿಲ್ಲಿಸಿದ ಪತ್ರಿಕೆಗಳು ಈಗ ಬಾಗಿಲವರೆಗೆ ಬಂದು ನಿಂತಿವೆ. ಅವು ಓದುವವನ ಮೇಜನ್ನು ಮುಟ್ಟುವವೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ಆವರಣದೊಳಗಿನ ಜಾಲ. ರಾಷ್ಟ್ರ ತೆತ್ತ ಹಣ ಕೊನೆಯ ಮುನ್ನೂರು ಮೀಟರಿನಲ್ಲಿ ಪೋಲಾಗುವುದಾದರೆ ಅದನ್ನು ಮಿತವ್ಯಯವೆಂದು ಕರೆಯುವುದು ಹೇಗೆ?

೨

ಕೊರತೆಯನ್ನು ಎದುರಿಸಿದವರು ಹೇಗೆ ನಡೆದುಕೊಂಡರೆಂಬುದಕ್ಕೆ ಇತಿಹಾಸದಲ್ಲಿ ಒಂದು ಪ್ರಸಿದ್ಧ ನಿದರ್ಶನವುಂಟು. ಹವಾಯಿ ವಿಶ್ವವಿದ್ಯಾನಿಲಯದ ಶಾಖೆಗಳು ಬೇರೆ ಬೇರೆ ದ್ವೀಪಗಳಲ್ಲಿ ಹರಡಿದ್ದವು. ದೊಡ್ಡ ಗಣಕಯಂತ್ರ ಇದ್ದುದು ಹೊನೊಲುಲು ನಗರದ ಬಳಿಯ ಮುಖ್ಯ ಆವರಣದಲ್ಲಿ. ದೂರವಾಣಿ ಮಾರ್ಗಗಳು ದುಬಾರಿ. ಮೇಲಾಗಿ ನೆಚ್ಚಲು ಬಾರದಂಥವು. ನಾರ್ಮನ್ ಅಬ್ರಾಮ್ಸನ್ನರೂ ಅವರ ಸಂಗಡಿಗರೂ ತಂತಿಯನ್ನೇ ಬಿಟ್ಟು ರೇಡಿಯೋವನ್ನು ಹಿಡಿದರು. ೧೯೭೧ರಲ್ಲಿ ಕೆಲಸಕ್ಕೆ ತೊಡಗಿದ ಈ ಜಾಲದ ಹೆಸರು ಅಲೋಹಾ. ಎಲ್ಲರೂ ಒಂದೇ ತರಂಗಮಾರ್ಗದಲ್ಲಿ ತಮಗೆ ಬೇಕಾದಾಗ ಮಾತಾಡುವುದು. ಇಬ್ಬರ ಮಾತು ಡಿಕ್ಕಿ ಹೊಡೆದು ಕೆಟ್ಟರೆ, ಸ್ವಲ್ಪ ತಡೆದು ಮತ್ತೆ ಹೇಳುವುದು: ಇಷ್ಟೇ ಅದರ ನಿಯಮ. ಲೆಕ್ಕ ಹಾಕಿ ನೋಡಿದರೆ ಈ ಕ್ರಮದಲ್ಲಿ ಮಾರ್ಗದ ಸಾಮರ್ಥ್ಯದ ಶೇಕಡ ೧೮ಕ್ಕಿಂತ ತುಸು ಹೆಚ್ಚು ಭಾಗವಷ್ಟೇ ಉಪಯೋಗಕ್ಕೆ ಬರುತ್ತದೆ. ಉಳಿದುದು ವ್ಯರ್ಥ.

ವ್ಯರ್ಥವೆಂದು ತಿಳಿದೂ ಅವರು ಇದನ್ನು ಒಪ್ಪಿದರು. ಅವರಿಗೆ ಕೊರತೆಯಾಗಿದ್ದುದು ಹಣವಲ್ಲ. ಹಣವನ್ನು ಅಮೆರಿಕದ ರಕ್ಷಣಾ ಸಂಶೋಧನ ಸಂಸ್ಥೆ ಕೊಟ್ಟಿತ್ತು. ಕೊರತೆಯಾಗಿದ್ದುದು ಒಳ್ಳೆಯ ತಂತಿ. ಆಕಾಶ ಬೇಕಾದಷ್ಟಿತ್ತು. ಆದಕಾರಣ ಹೇರಳವಾಗಿದ್ದುದನ್ನು ಧಾರಾಳವಾಗಿ ಚೆಲ್ಲಿ, ವಿರಳವಾಗಿದ್ದುದನ್ನು ಉಳಿಸಿದರು. ರಾಬರ್ಟ್ ಮೆಟ್‌ಕಾಫ್ ಈ ಕ್ರಮವನ್ನು ಅಭ್ಯಾಸ ಮಾಡಿ, ೧೯೭೩ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಈಥರ್‌ನೆಟ್ಟನ್ನು ರೂಪಿಸಿದರು. ಇಂದು ಜಗತ್ತಿನ ವಿದ್ಯಾವರಣಗಳಲ್ಲಿ ಗೋಡೆಯಿಂದ ಗೋಡೆಗೆ ಓಡಾಡುವ ತಂತಿಗಳ ಭಾಷೆ ಬಹುಮಟ್ಟಿಗೆ ಅದರ ಸಂತತಿಯೇ. ಮಿತವ್ಯಯದ ಮೊದಲ ಪಾಠ ಇಲ್ಲಿದೆ: ಏನು ವಿರಳ, ಏನು ಹೇರಳ ಎಂಬ ವಿವೇಕ ಮೊದಲು ಬೇಕು, ಅದಿಲ್ಲದೆ ಮಾಡುವ ಉಳಿತಾಯ ಕುರುಡು ಉಳಿತಾಯ.

ಇದಕ್ಕೆ ಪ್ರತಿಯಾದ ಚಿತ್ರ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಅಥೀನಾ ಯೋಜನೆ. ೧೯೮೩ರಿಂದ ೧೯೯೧ರವರೆಗೆ ನಡೆದ ಈ ಯೋಜನೆಗೆ ಡಿಇಸಿ, ಐಬಿಎಂ ಎಂಬ ಎರಡು ದೊಡ್ಡ ಕಂಪನಿಗಳ ಬೆಂಬಲವಿತ್ತು. ವಿದ್ಯಾರ್ಥಿ ಆವರಣದ ಯಾವ ಯಂತ್ರದ ಮುಂದೆ ಕುಳಿತರೂ ತನ್ನ ಕಡತಗಳು ತನಗೆ ದೊರೆಯಬೇಕೆಂಬುದು ಅದರ ಗುರಿ. ಇಂಥದನ್ನು ನಕಲು ಮಾಡಹೊರಟ ಬಡ ಸಂಸ್ಥೆ ಯಂತ್ರಗಳ ಸಂಖ್ಯೆಯನ್ನಷ್ಟೇ ನೋಡಿ ನಿಟ್ಟುಸಿರು ಬಿಡುತ್ತದೆ. ಆದರೆ ಅಥೀನಾದಿಂದ ಉಳಿದು ಬಂದದ್ದು ಯಂತ್ರಗಳಲ್ಲ; ಅವು ಎಂದೋ ಗುಜರಿ ಸೇರಿದವು. ಉಳಿದದ್ದು, ಜಾಲದ ಮೇಲೆ ಗುಪ್ತಪದವನ್ನು ಬಯಲಾಗಿ ಕಳುಹಿಸದೆಯೇ ಬಳಕೆದಾರನ ಗುರುತನ್ನು ಸ್ಥಾಪಿಸುವ ಕರ್ಬರಾಸ್ ಎಂಬ ವಿಧಾನ ಮತ್ತು ಎಕ್ಸ್ ಎಂಬ ಕಿಟಕಿ ವ್ಯವಸ್ಥೆ. ಎರಡೂ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದಂತೆ ದೊರೆತವು. ಸಿರಿವಂತರಿಂದ ನಾವು ಕಲಿಯಬೇಕಾದುದು ಅವರು ಕೊಂಡ ವಸ್ತುಗಳನ್ನಲ್ಲ, ಅವರು ಯೋಚಿಸಿದ ಕ್ರಮವನ್ನು.

೩

ಇನ್ನು ಸಿದ್ಧಾಂತದ ವಿಚಾರ. ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದಲ್ಲಿ ನೆಲೆಗೊಂಡಿರುವ 'ನೆಟ್‌ವರ್ಕ್ ಸ್ಟಾರ್ಟಪ್ ರಿಸೋರ್ಸ್ ಸೆಂಟರ್' ಎಂಬ ಸಂಸ್ಥೆ ಆಫ್ರಿಕ, ಏಷ್ಯ ಮುಂತಾದ ಕಡೆಗಳ ವಿಶ್ವವಿದ್ಯಾನಿಲಯಗಳ ಎಂಜಿನಿಯರುಗಳಿಗೆ ದಶಕಗಳಿಂದ ತರಬೇತಿ ಕೊಡುತ್ತ ಬಂದಿದೆ. ಅದು ಬೋಧಿಸುವ ಜಾಲರಚನೆಯ ನಿಯಮಗಳನ್ನು ಮೂರಕ್ಕೆ ಇಳಿಸಬಹುದು. ಒಂದು, ಪ್ರತಿ ಕಟ್ಟಡದಿಂದಲೂ ಕೇಂದ್ರಕ್ಕೆ ನೇರವಾಗಿ ಗಾಜಿನ ತಂತಿ, ಎಂದರೆ ಫೈಬರ್, ಬರಬೇಕು. ಒಂದು ಕಟ್ಟಡದಿಂದ ಇನ್ನೊಂದನ್ನು ತೂಗುಹಾಕಕೂಡದು. ಎರಡು, ಪ್ರತಿ ಕಟ್ಟಡವೂ ತನ್ನದೇ ಉಪಜಾಲವಾಗಿದ್ದು, ಅವುಗಳ ನಡುವಣ ವ್ಯವಹಾರ ಕೇಂದ್ರದ ರೌಟರಿನಲ್ಲಿ ನಡೆಯಬೇಕು. ಮೂರು, ನೆಲದಲ್ಲಿ ಹೂಳುವ ಫೈಬರು ಏಕವಿಧಾನದ್ದು, ಎಂದರೆ ಸಿಂಗಲ್ ಮೋಡ್, ಆಗಿರಬೇಕು.

ಮೊದಲ ನಿಯಮಕ್ಕೆ ಬರುವ ಆಕ್ಷೇಪಣೆ ಖರ್ಚಿನದು. ನಮ್ಮ ಆವರಣಗಳಲ್ಲಿ ಜಾಲ ಬೆಳೆದ ಬಗೆಯೇ ಬೇರೆ. ಆಡಳಿತ ಕಚೇರಿಯಿಂದ ಭೌತವಿಜ್ಞಾನ ವಿಭಾಗಕ್ಕೆ, ಅಲ್ಲಿಂದ ರಸಾಯನಕ್ಕೆ, ಅಲ್ಲಿಂದ ಗ್ರಂಥಾಲಯಕ್ಕೆ: ಯಾರಿಗೆ ಯಾವ ವರ್ಷ ಅನುದಾನ ಬಂತೋ ಅವರು ನೆರೆಯವರಿಂದ ಒಂದು ಎಳೆ ಎಳೆದುಕೊಂಡರು. ಪ್ರತಿಯೊಂದು ಎಳೆಯೂ ಅಗ್ಗ. ಆದರೆ ನಡುವಣ ಒಂದು ಕಟ್ಟಡದಲ್ಲಿ ವಿದ್ಯುತ್ತು ನಿಂತರೆ ಆಚೆಯವೆಲ್ಲ ಕತ್ತಲು. ಆಕ್ಷೇಪಣೆ ಮಾಡುವವರು ಗಮನಿಸದ ಸಂಗತಿಯೆಂದರೆ, ಫೈಬರ್ ಕೆಲಸದಲ್ಲಿ ಹೆಚ್ಚಿನ ಖರ್ಚು ಗಾಜಿನದಲ್ಲ, ಅಗೆತದ್ದು. ಆರು ಎಳೆಯ ಕೇಬಲ್ಲಿಗೂ ಇಪ್ಪತ್ತನಾಲ್ಕು ಎಳೆಯದಕ್ಕೂ ತೋಡಬೇಕಾದ ಕಾಲುವೆ ಒಂದೇ. ಒಂದು ಸಲ ಅಗೆದಾಗ ಅಗಲವಾದ ಕೊಳವೆಯನ್ನೂ ಹೆಚ್ಚು ಎಳೆಗಳನ್ನೂ ಹಾಕಿದವನು ಮುಂದಿನ ಇಪ್ಪತ್ತು ವರ್ಷಗಳ ಅಗೆತವನ್ನು ಉಳಿಸುತ್ತಾನೆ. ಆದುದರಿಂದ ಈ ನಿಯಮವನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ.

ಎರಡನೆಯ ನಿಯಮದ ಬೆಲೆ ನಮಗೆ ಅನುಭವದಿಂದ ತಿಳಿಯಿತು. ನಾವು ಹಿಂದೆ ಕೆಲಕಾಲ ಇದ್ದ ಒಂದು ವಿದ್ಯಾಸಂಸ್ಥೆಯ ಆವರಣವೆಲ್ಲವೂ ಒಂದೇ ಅವಿಭಕ್ತ ಜಾಲ. ಅಂಥ ಜಾಲದಲ್ಲಿ ಒಂದು ಯಂತ್ರ ಕೂಗಿ ಕರೆದುದು ಎಲ್ಲ ಯಂತ್ರಗಳಿಗೂ ಕೇಳಿಸುತ್ತದೆ. ಒಂದು ದಿನ ವಿದ್ಯಾರ್ಥಿನಿಲಯದಲ್ಲಿ ಯಾರೋ ನೇತಾಡುತ್ತಿದ್ದ ಕೇಬಲ್ಲಿನ ತುದಿಯನ್ನು, ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದೆಯೆಂದು ಅರಿಯದೆ, ಖಾಲಿ ಕಿಂಡಿಗೆ ಸಿಕ್ಕಿಸಿದರು. ಕೂಗು ಆ ಕುಣಿಕೆಯಲ್ಲಿ ಸುತ್ತಿ ಸುತ್ತಿ ಬೆಳೆದು ಆವರಣದ ಜಾಲವೆಲ್ಲ ಸ್ತಬ್ಧವಾಯಿತು. ಇಂಥ ಕುಣಿಕೆಯನ್ನು ತಾನಾಗಿಯೇ ಕಂಡುಹಿಡಿದು ಮುಚ್ಚುವ ಉಪಾಯವನ್ನು ರಾಡಿಯಾ ಪರ್ಲ್‌ಮನ್ ೧೯೮೫ರಲ್ಲಿಯೇ ರಚಿಸಿಕೊಟ್ಟಿದ್ದಾರೆ. ಆದರೆ ಅಲ್ಲಿ ಕೊಂಡಿದ್ದ ಅಗ್ಗದ ಸ್ವಿಚ್ಚುಗಳಲ್ಲಿ ಅದು ಇರಲಿಲ್ಲ. ದೋಷವನ್ನು ಪತ್ತೆಮಾಡಲು ಎರಡು ದಿನ ಹಿಡಿಯಿತು. ಅದು ಸಂಶೋಧನ ಪ್ರಬಂಧಗಳನ್ನು ಸಲ್ಲಿಸುವ ಕೊನೆಯ ವಾರ. ಪ್ರತಿ ಕಟ್ಟಡಕ್ಕೂ ಬೇರೆ ಉಪಜಾಲವಿದ್ದಿದ್ದರೆ ತೊಂದರೆ ಆ ಒಂದು ವಿದ್ಯಾರ್ಥಿನಿಲಯದ ಗೋಡೆಯನ್ನು ದಾಟುತ್ತಿರಲಿಲ್ಲ.

ಮೂರನೆಯ ನಿಯಮ ಮಿತವ್ಯಯದ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಮುಂದಿಡುತ್ತದೆ. ಒಂದು ಕಾಲದಲ್ಲಿ ಬಹುವಿಧಾನದ, ಎಂದರೆ ಮಲ್ಟಿಮೋಡ್, ಫೈಬರು ಜನಪ್ರಿಯವಾಗಿತ್ತು. ಅದರ ತುದಿಯಲ್ಲಿ ಜೋಡಿಸುವ ಉಪಕರಣ ಅಗ್ಗವೆಂಬುದೇ ಕಾರಣ. ಅದರ ಹಳೆಯ ಮಾದರಿಯಲ್ಲಿ ಬೆಳಕು ಹರಿಯುವ ತಿರುಳಿನ ಅಗಲ ೬೨.೫ ಮೈಕ್ರಾನ್, ಏಕವಿಧಾನದ ಫೈಬರಿನಲ್ಲಿ ಸುಮಾರು ೯ ಮೈಕ್ರಾನ್ ಮಾತ್ರ. ಸೆಕೆಂಡಿಗೆ ೧೦೦ ಕೋಟಿ ಬಿಟ್ ವೇಗದಲ್ಲಿ ಆ ಹಳೆಯ ಫೈಬರು ಇನ್ನೂರು ಮುನ್ನೂರು ಮೀಟರ್ ದೂರಕ್ಕೆ ಸಲ್ಲುತ್ತಿತ್ತು. ವೇಗ ಹತ್ತು ಮಡಿಯಾದಾಗ ಅದೇ ಬಗೆಯ ಉಪಕರಣದೊಡನೆ ಅದರ ಎಟುಕು ಸುಮಾರು ೩೩ ಮೀಟರಿಗೆ ಇಳಿಯಿತು; ಒಂದು ಕಟ್ಟಡದ ಉದ್ದಕ್ಕೂ ಅದು ಸಾಲದು. ಏಕವಿಧಾನದ ಫೈಬರಾದರೋ ಅದೇ ವೇಗವನ್ನು ೧೦ ಕಿಲೋಮೀಟರ್ ಕೊಂಡೊಯ್ಯುತ್ತದೆ. ತುದಿಯ ಪೆಟ್ಟಿಗೆಯಲ್ಲಿ ಉಳಿಸಿದ ನಾಲ್ಕು ಕಾಸಿಗಾಗಿ ನೆಲದೊಳಗಿನ ಆಸ್ತಿ ನಿರುಪಯುಕ್ತವಾಯಿತು. ಪೆಟ್ಟಿಗೆಯನ್ನು ಐದಾರು ವರ್ಷಗಳಿಗೊಮ್ಮೆ ಹೇಗೂ ಬದಲಾಯಿಸಬೇಕು. ನೆಲವನ್ನು ಪದೇ ಪದೇ ಅಗೆಯಲಾಗದು. ಅಳಿಯುವುದನ್ನು ಅಗ್ಗವಾಗಿ ಕೊಳ್ಳಬಹುದು, ಉಳಿಯುವುದನ್ನು ಕೊಳ್ಳಬಾರದು: ಇದನ್ನು ಈ ಲೇಖನದ ಸೂತ್ರವೆಂದು ವಾಚಕರು ಭಾವಿಸಬಹುದು.

೪

ಇಷ್ಟರಮಟ್ಟಿಗೆ ಸಿದ್ಧಾಂತ ನಿರ್ದುಷ್ಟವಾಗಿದೆ. ಆದರೆ ನಮ್ಮ ನೆಲದಲ್ಲಿ ಅದಕ್ಕೆ ಸೇರಿಸಬೇಕಾದ ಮಾತುಗಳಿವೆ. ಅವು ಜಾಲದ ನಕ್ಷೆಯಲ್ಲಿ ಕಾಣಿಸದಂಥವು.

ಮೊದಲನೆಯದು ಸಿಡಿಲು. ಏಪ್ರಿಲ್-ಮೇ ತಿಂಗಳುಗಳಲ್ಲಿ, ಮುಂಗಾರಿಗೆ ಮುನ್ನ, ನಮ್ಮ ನಾಡಿನಲ್ಲಿ ಗುಡುಗುಮಳೆ ಸಾಮಾನ್ಯ. ಎರಡು ಕಟ್ಟಡಗಳ ನಡುವೆ ಮರದ ಕೊಂಬೆಯ ಮೇಲೆ ಹಾಯಿಸಿದ ತಾಮ್ರದ ಕೇಬಲ್ಲು ಸಿಡಿಲಿನ ಹೊಡೆತವನ್ನು ಎರಡು ಕಡೆಯ ಯಂತ್ರಗಳಿಗೂ ಹಂಚಿಕೊಡುತ್ತದೆ. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಕಟ್ಟಡಗಳ ನಡುವೆ ಫೈಬರು ವೇಗಕ್ಕಾಗಿ ಮಾತ್ರವಲ್ಲ, ರಕ್ಷಣೆಗಾಗಿಯೂ ಬೇಕು. ಆದರೆ ಇಲಿ-ಹೆಗ್ಗಣಗಳ ಭಯದಿಂದ ಉಕ್ಕಿನ ಕವಚವಿರುವ ಕೇಬಲ್ಲನ್ನು ಹಾಕಿದ ಮೇಲೆ ಆ ಕವಚವನ್ನು ಭೂಮಿಗೆ ಸೇರಿಸದೆ ಬಿಟ್ಟರೆ ಗಾಜನ್ನು ಹಾಕಿದ ಪ್ರಯೋಜನ ಅರ್ಧಕ್ಕೆ ನಿಲ್ಲುತ್ತದೆ. ಗುತ್ತಿಗೆದಾರನ ಬಿಲ್ಲಿನಲ್ಲಿ ಈ ಕೆಲಸ ಒಂದು ಸಾಲು. ಪರೀಕ್ಷಿಸಿ ನೋಡುವವರು ವಿರಳ.

ಎರಡನೆಯದು ಟೆಂಡರು. ಕನಿಷ್ಠ ಬೆಲೆಯನ್ನು ಸೂಚಿಸಿದವನಿಗೆ ಕೆಲಸ ಎಂಬ ನಿಯಮ ಪ್ರಾಮಾಣಿಕತೆಯ ರಕ್ಷಣೆಗಾಗಿ ಹುಟ್ಟಿದ್ದು. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ಬೆಲೆಯಲ್ಲಿ ಯಾವುದು ಸೇರಿದೆ? ಪೆಟ್ಟಿಗೆಯ ಬೆಲೆ ಸೇರಿದೆ. ವರ್ಷವರ್ಷವೂ ತೆರಬೇಕಾದ ಪರವಾನಗಿ ಶುಲ್ಕ, ಬ್ಯಾಟರಿಗಳ ಬದಲಾವಣೆ, ಕೆಟ್ಟಾಗ ಹಾಕಲು ಕೈಯಲ್ಲಿರಬೇಕಾದ ಒಂದು ಬಿಡಿ ಸ್ವಿಚ್ಚು ಸೇರಿಲ್ಲ. ಅನುದಾನದಲ್ಲಿ ಕೊಂಡುದನ್ನು ಆದಾಯದಿಂದ ಸಾಕಬೇಕು ಎಂಬ ಸರಳವಾದ ಗೃಹಕೃತ್ಯದ ವಿವೇಕ ಯೋಜನಾವರದಿಗಳಲ್ಲಿ ಕಾಣುವುದಿಲ್ಲ.

ಮೂರನೆಯದು ಹಳೆಯ ಉಪದೇಶದ ಆಯುಸ್ಸು. ಮಾರ್ಗ ಸಣ್ಣದಾಗಿದ್ದಾಗ, ಒಬ್ಬರು ತರಿಸಿದ ಪುಟವನ್ನು ಕೂಡಿಟ್ಟು ಇನ್ನೊಬ್ಬರಿಗೆ ಅಲ್ಲಿಂದಲೇ ಕೊಡುವ ಸ್ಕ್ವಿಡ್ ಮುಂತಾದ ಉಚಿತ ತಂತ್ರಾಂಶಗಳು ಬಡ ವಿಶ್ವವಿದ್ಯಾನಿಲಯಗಳಿಗೆ ಮಹೋಪಕಾರ ಮಾಡಿದವು. ಈಗ ಬಹುತೇಕ ಪುಟಗಳು ಗೂಢಲಿಪಿಯಲ್ಲಿ ಹರಿಯುವುದರಿಂದ ಆ ಕಣಜದಲ್ಲಿ ಕೂಡಿಡಲು ಉಳಿದಿರುವ ಕಾಳು ಅತ್ಯಲ್ಪ. ಒಂದು ದಶಕದ ಜಾಣತನ ಇನ್ನೊಂದು ದಶಕದಲ್ಲಿ ಜಡ ಸಂಪ್ರದಾಯವಾಗಬಲ್ಲುದು. ವೈಫೈಯ ಮೇಲಿನ ಅತಿಯಾದ ನಂಬಿಕೆಯನ್ನೂ ಹೀಗೆಯೇ ಪರೀಕ್ಷಿಸಬೇಕು. ಅದು ಅಲೋಹಾದಂತೆಯೇ ಎಲ್ಲರೂ ಹಂಚಿಕೊಳ್ಳುವ ಆಕಾಶ. ಹವಾಯಿಯಲ್ಲಿ ಹೇರಳವಾಗಿದ್ದ ಅದು ಇನ್ನೂರು ಕೊಠಡಿಗಳ ವಿದ್ಯಾರ್ಥಿನಿಲಯದಲ್ಲಿ ವಿರಳ. ಮೊಗಸಾಲೆಗೊಂದು ಪೆಟ್ಟಿಗೆ ತೂಗುಹಾಕಿದ ಮಾತ್ರಕ್ಕೆ ಜಾಲವಾಗುವುದಿಲ್ಲ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಮನುಷ್ಯ. ಆರೆಗಾನಿನ ಸಂಸ್ಥೆ ತರಬೇತಿಗೆ ಕೊಟ್ಟಿರುವ ಪ್ರಾಶಸ್ತ್ಯ ಸರಿಯಾದದ್ದೇ. ಆದರೆ ತರಬೇತಿ ಪಡೆದವನು ಉಳಿಯುವನೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರಲ್ಲ, ನಾವು. ಮೇಲೆ ಹೇಳಿದ ಎರಡು ದಿನಗಳ ಸ್ತಬ್ಧತೆಗೆ ನಿಜವಾದ ಕಾರಣ ಒಂದು ಕೇಬಲ್ಲಲ್ಲ. ಯಾವ ಎಳೆ ಎಲ್ಲಿಗೆ ಹೋಗುತ್ತದೆಂಬುದನ್ನು ಬಲ್ಲವನು ಒಬ್ಬನೇ. ಆತ ಗುತ್ತಿಗೆಯ ಮೇಲಿದ್ದ ತರುಣ. ಮೂರು ತಿಂಗಳ ಹಿಂದೆ ಗುತ್ತಿಗೆ ನವೀಕರಣವಾಗದೆ ಬೇರೆ ಊರಿಗೆ ಹೊರಟುಹೋಗಿದ್ದ. ನಕ್ಷೆ ಕಾಗದದ ಮೇಲಿರಲಿಲ್ಲ, ಅವನ ತಲೆಯಲ್ಲಿತ್ತು. ನಮ್ಮ ಹಳೆಯ ಊರುಗಳಲ್ಲಿ ಕೆರೆಯ ತೂಬನ್ನು ಕಾಯ್ದು ಗದ್ದೆಗದ್ದೆಗೂ ನೀರು ಹಂಚಲು ನೀರುಗಂಟಿಯಿದ್ದ. ಅವನ ಜೀವನಕ್ಕೆ ಊರು ಏರ್ಪಾಡು ಮಾಡಿತ್ತು. ಕೆರೆಯನ್ನು ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯಿತು. ಕೆರೆ ಉಳಿದದ್ದು ನೀರುಗಂಟಿಯಿಂದ. ಲಕ್ಷಾಂತರ ರೂಪಾಯಿಯ ಜಾಲವನ್ನು ಕಟ್ಟಿ, ಅದನ್ನು ನೋಡಿಕೊಳ್ಳುವವನಿಗೆ ಹನ್ನೊಂದು ತಿಂಗಳ ಗುತ್ತಿಗೆ ಕೊಡುವ ಸಂಸ್ಥೆ, ನೀರುಗಂಟಿಯಿಲ್ಲದ ಕೆರೆಯನ್ನು ಕಟ್ಟುತ್ತಿದೆ.

೫

ಇಲ್ಲಿ ಒಂದು ಬಲವಾದ ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ೨೦೧೬ರಿಂದೀಚೆಗೆ ನಮ್ಮ ದೇಶದಲ್ಲಿ ಮೊಬೈಲ್ ಡೇಟಾದ ಬೆಲೆ ಬಹಳವಾಗಿ ಇಳಿದಿದೆ. ಬಹುಮಂದಿ ವಿದ್ಯಾರ್ಥಿಗಳ ಕೈಯಲ್ಲಿ ಫೋನಿದೆ. ಹೀಗಿರಲಾಗಿ ವಿಶ್ವವಿದ್ಯಾನಿಲಯ ತನ್ನದೇ ಜಾಲವನ್ನು ಏಕೆ ಕಟ್ಟಬೇಕು, ಆ ಹಣವನ್ನು ಪುಸ್ತಕಗಳಿಗೆ ಕೊಡಬಾರದೇಕೆ ಎಂದು ಕೇಳುವವರುಂಟು. ಪ್ರಶ್ನೆಯಲ್ಲಿ ಸತ್ಯಾಂಶವಿದೆ. ಸುದ್ದಿ ಓದಲು, ಸಿನಿಮಾ ನೋಡಲು ವಿಶ್ವವಿದ್ಯಾನಿಲಯದ ಜಾಲ ಅವಶ್ಯವಲ್ಲ. ಆದರೆ ಫೋನಿನ ಸಂಪರ್ಕ ವ್ಯಕ್ತಿಗೆ ಸೇರಿದ್ದು, ಸಂಸ್ಥೆಗಲ್ಲ. ಸಂಸ್ಥೆಯ ಗುರುತಿನಿಂದ ತೆರೆಯುವ ಪತ್ರಿಕೆಗಳು, ಪ್ರಯೋಗಶಾಲೆಯ ಉಪಕರಣಗಳು, ನಮ್ಮದೇ ಹಸ್ತಪ್ರತಿಗಳ ಛಾಯಾಚಿತ್ರಗಳು, ನಮ್ಮ ಸಂಶೋಧಕರು ಕೂಡಿಹಾಕಿದ ಸಾಮಗ್ರಿ: ಇವೆಲ್ಲ ಒಂದು ಸಮುದಾಯದ ಆಸ್ತಿ, ಇವಕ್ಕೆ ಸಮುದಾಯದ ದಾರಿ ಬೇಕು. ಅಲ್ಲದೆ, ತಿಂಗಳ ಕೊನೆಗೆ ಫೋನಿಗೆ ಹಣ ತುಂಬಲಾರದ ವಿದ್ಯಾರ್ಥಿ ಇನ್ನೂ ನಮ್ಮ ತರಗತಿಗಳಲ್ಲಿದ್ದಾನೆ. ಗ್ರಂಥಾಲಯದ ಬಾಗಿಲಲ್ಲಿ ನಾವು ಅವನಿಂದ ಪ್ರವೇಶ ಶುಲ್ಕ ಕೇಳುವುದಿಲ್ಲ. ಜಾಲದ ಬಾಗಿಲಲ್ಲಿ ಕೇಳುವುದು ಯಾವ ನ್ಯಾಯ?

ಇಷ್ಟು ವಿಚಾರದಿಂದ ಹೊರಡುವ ತೀರ್ಮಾನ ಹೀಗಿದೆ. ಕಡಿಮೆ ಹಣವುಳ್ಳ ವಿಶ್ವವಿದ್ಯಾನಿಲಯವು ಮೊದಲು ನೆಲದಲ್ಲಿ ಉಳಿಯತಕ್ಕ ಕೊಳವೆಗೂ ಫೈಬರಿಗೂ ಧಾರಾಳವಾಗಿ ಖರ್ಚು ಮಾಡಲಿ. ಎಲ್ಲ ಕಟ್ಟಡಗಳಿಗೂ ಒಂದೇ ವರ್ಷ ಆಗದಿದ್ದರೆ ನಾಲ್ಕು ಕಟ್ಟಡಗಳಿಗೆ ಮಾಡಲಿ. ಆದರೆ ಆ ನಾಲ್ಕಕ್ಕೆ ಸರಿಯಾಗಿ ಮಾಡಲಿ. ಸ್ವಿಚ್ಚು, ವೈಫೈ ಪೆಟ್ಟಿಗೆ ಮುಂತಾದ ಅಳಿಯತಕ್ಕವುಗಳಲ್ಲಿ ಸರಳವಾದುದನ್ನು ಆರಿಸಲಿ. ಸರಳವೆಂದರೆ ನಿಯಂತ್ರಣಕ್ಕೆ ಸಿಗದ್ದಲ್ಲ. ನಕ್ಷೆ ಗ್ರಂಥಾಲಯದ ದಾಖಲೆಯಂತೆ ಬರೆದಿಡಲ್ಪಡಲಿ. ವರ್ಷದ ಆಯವ್ಯಯದಲ್ಲಿ ಜಾಲದ ಪಾಲನೆಗೆ ಸ್ವಂತ ಹಣದ ಒಂದು ಸಾಲು ಇರಲಿ. ಮತ್ತು ಜಾಲವನ್ನು ಬಲ್ಲ ಇಬ್ಬರಿಗಾದರೂ ಕಾಯಂ ಹುದ್ದೆ ಇರಲಿ. ಈ ಕೊನೆಯ ಎರಡಕ್ಕೆ ಒಪ್ಪದ ಆಡಳಿತ ಮಂಡಲಿಯು ಮ���ದಿನವುಗಳನ್ನು ಕೈಗೊಳ್ಳದಿರುವುದೇ ಮೇಲು, ಹಣವಾದರೂ ಉಳಿಯುತ್ತದೆ.

ನಾವು ವಿವರಿಸಿದ ಕ್ರಮದಲ್ಲಿ ಉದ್ಘಾಟನೆಗೆ ಅನುಕೂಲವಾದುದು ಹೆಚ್ಚಿಲ್ಲವೆಂಬುದನ್ನು ಬಲ್ಲೆವು. ಹೂಳಿದ ಕೊಳವೆಗೆ ಹಾರ ಹಾಕಲಾಗದು. ಬರೆದಿಟ್ಟ ನಕ್ಷೆಯ ಮುಂದೆ ಟೇಪು ಕತ್ತರಿಸಲಾಗದು. ಆದರೆ ಜಾಲವನ್ನು ಕಟ್ಟುವುದು ಆವರಣದ ಕೊನೆಯ ಕೋಣೆಯಲ್ಲಿ ಕುಳಿತು ಓದುವವನಿಗಾಗಿ. ಅವನ ಮೇಜಿನ ಮೇಲೆ ಪುಟ ತೆರೆದರೆ ಜಾಲ ಒಳ್ಳೆಯದು, ತೆರೆಯದಿದ್ದರೆ ಕೆಟ್ಟದ್ದು. ವಾರ್ಷಿಕ ವರದಿಯಲ್ಲಿ ಅಚ್ಚಾಗತಕ್ಕ ಅಂಕಿಯನ್ನು ಇನ್ನು ಮುಂದೆ ಆ ಮೇಜಿನ ಬಳಿಯಲ್ಲಿ ಅಳೆಯಬೇಕೆಂಬುದು ನಮ್ಮ ಸವಿನಯ ಸೂಚನೆ.